ಗೆದ್ದೆತ್ತಿನ ಬಾಲ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಲೇಜಿನಲ್ಲಿ ವಾಣಿಜ್ಯ ಪಾಠ ಹೇಳುತ್ತ ನನಗೆ ಇಪ್ಪತ್ತೆಂಟು ವರ್ಷವಾಯಿತು. ಕಳೆದ ಮಳೆಗಾಲದ ಒಂದು ಸಂಜೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕೈಚೀಲದಲ್ಲಿ ಎರಡು ಪುಸ್ತಕಗಳಿದ್ದವು. ಒಂದು, ದೊಡ್ಡ ಕಂಪನಿಗಳು ಹೇಗೆ ದೊಡ್ಡವಾದವು ಎಂದು ವಿವರಿಸುವ ಇಂಗ್ಲಿಷ್ ಪುಸ್ತಕ. ಪುಟಪುಟಕ್ಕೂ ಹಳದಿ ಗೆರೆ ಎಳೆದಿದ್ದ. ಇನ್ನೊಂದು, ಅವನ ಅಂಗಡಿಯ ಲೆಕ್ಕದ ಪುಸ್ತಕ. ಮಿಕ್ಸಿ, ಫ್ಯಾನು, ಫ್ರಿಜ್ ಮಾರುತ್ತಿದ್ದ ಆ ಅಂಗಡಿ ನಾಲ್ಕು ವರ್ಷ ನಡೆದು ಮುಚ್ಚಿಹೋಗಿತ್ತು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಕೇಳಿದ: "ಸರ್, ಇದರಲ್ಲಿ ಬರೆದದ್ದನ್ನೆಲ್ಲ ಮಾಡಿದೆ. ಆದರೂ ಹೀಗಾಯಿತು. ಎಲ್ಲಿ ತಪ್ಪಿದೆ?"

ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನಾಯಕತ್ವದ ಪುಸ್ತಕಗಳನ್ನು, ಹಳೆಯವನ್ನೂ ಹೊಸವನ್ನೂ, ಅವನ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದುತ್ತಿದ್ದೇನೆ. ಇಂದು ಆ ಓದಿನ ಬಗ್ಗೆ ನಾಲ್ಕು ಮಾತು.

ಈ ಬಗೆಯ ಪುಸ್ತಕಗಳಲ್ಲಿ ಬಹು ದೊಡ್ಡ ಹೆಸರು ಮಾಡಿದ್ದು ಅಮೆರಿಕದ ಜಿಮ್ ಕಾಲಿನ್ಸ್ ಅವರ 'ಗುಡ್ ಟು ಗ್ರೇಟ್'. ಪ್ರಕಟವಾದದ್ದು 2001ರಲ್ಲಿ. ಕಾಲಿನ್ಸ್ ಮತ್ತು ಅವರ ತಂಡ ಐದು ವರ್ಷ ದುಡಿದು, 1,435 ಕಂಪನಿಗಳನ್ನು ಜರಡಿ ಹಿಡಿದು, ಕೊನೆಗೆ 11 ಕಂಪನಿಗಳನ್ನು ಆರಿಸಿದರು. ಸಾಧಾರಣವಾಗಿದ್ದು ಶ್ರೇಷ್ಠವಾದವು ಇವು ಎಂದರು. ಅವುಗಳ ಮುಖ್ಯಸ್ಥರಲ್ಲಿ ಅವರಿಗೆ ಕಂಡ ಗುಣ ಎರಡು ಎಳೆಯದು: ತನ್ನ ಬಗ್ಗೆ ವಿನಯ, ಕೆಲಸದ ಬಗ್ಗೆ ಹಟ. ಕೇಳಿದರೆ ಯಾರಿಗಾದರೂ ಗೌರವ ಮೂಡುವ ಮಾತು ಅದು, ನನಗೂ ಮೂಡಿತು.

ಆದರೆ ಆ 11ರಲ್ಲಿ ಒಂದಾದ ಸರ್ಕಿಟ್ ಸಿಟಿಯ ಕತೆ ಕೇಳಿ. ಟಿ.ವಿ., ಕಂಪ್ಯೂಟರ್ ಮಾರುವ ಅಂಗಡಿಗಳ ಸರಣಿ ಅದು. 2007ರಲ್ಲಿ ಖರ್ಚು ಉಳಿಸಲೆಂದು ಹೆಚ್ಚು ಸಂಬಳದ ಸುಮಾರು 3,400 ನೌಕರರನ್ನು ಒಮ್ಮೆಗೇ ಮನೆಗೆ ಕಳಿಸಿತು. ಗಿರಾಕಿಗೆ ಸರಕಿನ ಗುಣ ತಿಳಿಸಿ ಹೇಳಬಲ್ಲ ಅನುಭವಿಗಳು ಅವರಲ್ಲೇ ಇದ್ದರು. 2008ರ ನವೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2009ರ ಮಾರ್ಚ್ ಹೊತ್ತಿಗೆ ಅದರ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ಅದೇ ಪಟ್ಟಿಯ, ಗೃಹಸಾಲಗಳಿಗೆ ಹಣ ಒದಗಿಸುವ ಫ್ಯಾನಿ ಮೇ ಸಂಸ್ಥೆಯನ್ನು 2008ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರವೇ ಕೈಗೆ ತೆಗೆದುಕೊಳ್ಳಬೇಕಾಯಿತು. ಪಟ್ಟಿಯಲ್ಲೇ ಇದ್ದ ವೆಲ್ಸ್ ಫಾರ್ಗೋ ಬ್ಯಾಂಕು ಗ್ರಾಹಕರಿಗೆ ತಿಳಿಸದೆಯೇ ಅವರ ಹೆಸರಿನಲ್ಲಿ ಖಾತೆಗಳನ್ನು ತೆರೆದದ್ದಕ್ಕೆ 2016ರಲ್ಲಿ ಹದಿನೆಂಟೂವರೆ ಕೋಟಿ ಡಾಲರ್ ದಂಡ ತೆತ್ತಿತು.

ಕಾಲಿನ್ಸ್ ಅವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಮುಂದೆ, 2009ರಲ್ಲಿ, ದೊಡ್ಡ ಕಂಪನಿಗಳು ಹೇಗೆ ಬೀಳುತ್ತವೆ ಎಂಬುದರ ಮೇಲೆಯೇ ಅವರು ಒಂದು ಪುಸ್ತಕ ಬರೆದರು. ನನ್ನನ್ನು ಕಾಡುವುದು ಬೇರೆಯೇ ಸಂಗತಿ. ಗೆದ್ದೆತ್ತಿನ ಬಾಲ ಹಿಡಿಯುವುದು ಎಂಬ ಮಾತು ನಮ್ಮಲ್ಲಿದೆ. ಯಶಸ್ಸಿನ ಪುಸ್ತಕಗಳು ಬಾಲ ಹಿಡಿಯುವುದಷ್ಟೇ ಅಲ್ಲ, ಎತ್ತು ಗೆದ್ದ ಮೇಲೆ ಅದರ ಕೊಂಬು, ಗೊರಸು, ಸುಳಿ ಎಲ್ಲವನ್ನೂ ಅಳೆದು, ಗೆಲುವಿಗೆ ಇವೇ ಕಾರಣ ಎನ್ನುತ್ತವೆ. ಸೋತ ಎತ್ತಿಗೂ ಅದೇ ಸುಳಿ ಇದ್ದೀತು. ಅದನ್ನು ನೋಡಿದವರು ಯಾರು?

1920ರಷ್ಟು ಹಿಂದೆಯೇ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದ್ದರು. ಮೈಕಟ್ಟಿಗೆ ಹೆಚ್ಚು ಅಂಕ ಪಡೆದವನಿಗೆ ಬುದ್ಧಿಗೂ, ನಾಯಕತ್ವಕ್ಕೂ, ನಡತೆಗೂ ಹೆಚ್ಚು ಅಂಕ ಬಿದ್ದಿತ್ತು. ಒಂದು ಗುಣದ ಪ್ರಭೆ ಉಳಿದೆಲ್ಲ ಗುಣಗಳ ಮೇಲೂ ಹರಡುತ್ತದೆ. ಕಂಪನಿಗಳ ವಿಷಯದಲ್ಲಿ ಆ ಪ್ರಭೆ ಲಾಭದಿಂದ ಬರುತ್ತದೆ ಎಂದು ವ್ಯವಹಾರ ನಿರ್ವಹಣೆಯ ಪ್ರಾಧ್ಯಾಪಕ ಫಿಲ್ ರೋಸೆನ್‌ಜ್ವೈಗ್ 2007ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಲಾಭ ಬರುತ್ತಿರುವಾಗ ಮುಖ್ಯಸ್ಥನನ್ನು ದಿಟ್ಟ ಎನ್ನುತ್ತೇವೆ, ನಷ್ಟವಾದ ಮರುವರ್ಷ ಅದೇ ಮನುಷ್ಯನನ್ನು ದುಡುಕಿನವ ಎನ್ನುತ್ತೇವೆ. ಮನುಷ್ಯ ಬದಲಾಗಿರುವುದಿಲ್ಲ, ನಮ್ಮ ವಿಶೇಷಣ ಬದಲಾಗಿರುತ್ತದೆ. ನನ್ನ ವಿದ್ಯಾರ್ಥಿಯನ್ನೂ ಊರಿನವರು ಮೊದಲೆರಡು ವರ್ಷ ಚುರುಕು ಹುಡುಗ ಎಂದರು, ಆಮೇಲೆ ಅತಿ ಆಸೆಯವನು ಎಂದರು.

ಈಗ, ಸೋತ ಎತ್ತನ್ನೂ ನೋಡಿದವರೊಬ್ಬರ, ಯುದ್ಧಕಾಲದ ಒಂದು ಲೆಕ್ಕದ ಕತೆ. ಅಬ್ರಹಾಂ ವಾಲ್ಡ್ ಎಂಬ ಯಹೂದಿ ಗಣಿತಜ್ಞರು 1938ರಲ್ಲಿ ನಾತ್ಸಿಗಳ ಹಿಡಿತದಿಂದ ಪಾರಾಗಿ ಅಮೆರಿಕ ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞರ ತಂಡದಲ್ಲಿ ದುಡಿದರು. ಬಾಂಬರ್ ವಿಮಾನಗಳ ಯಾವ ಭಾಗ ಗುಂಡೇಟಿಗೆ ಹೆಚ್ಚು ಬಲಿಯಾಗುತ್ತದೆ ಎಂಬ ಪ್ರಶ್ನೆ ಅವರ ಮುಂದೆ ಬಂತು. ಕೈಯಲ್ಲಿದ್ದದ್ದು ಯುದ್ಧ ಮುಗಿಸಿ ಮರಳಿದ ವಿಮಾನಗಳ ಮೇಲಿನ ಗುಂಡಿನ ತೂತುಗಳ ಲೆಕ್ಕ ಮಾತ್ರ. ಹೆಚ್ಚು ತೂತು ಬಿದ್ದ ಕಡೆ ಹೆಚ್ಚು ಕವಚ ಹಾಕೋಣ ಎಂದು ಯಾರಿಗಾದರೂ ತೋಚುತ್ತದೆ. ವಾಲ್ಡ್ 1943ರ ತಮ್ಮ ಟಿಪ್ಪಣಿಗಳಲ್ಲಿ ಮರಳದ ವಿಮಾನಗಳನ್ನೂ ಲೆಕ್ಕಕ್ಕೆ ತಂದರು. ಮರಳಿದ ವಿಮಾನಗಳ ಎಂಜಿನ್ನಿನ ಭಾಗದಲ್ಲಿ ತೂತು ಕಡಿಮೆ ಇದ್ದರೆ, ಅಲ್ಲಿ ಗುಂಡು ತಗುಲಿದವು ಮನೆ ಮುಟ್ಟಲಿಲ್ಲ ಎಂದೇ ಅರ್ಥ.

ವಾಲ್ಡ್ ಬಗ್ಗೆ ಇನ್ನೊಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆ. 1950ರಲ್ಲಿ ಉಪನ್ಯಾಸಗಳಿಗಾಗಿ ಅವರು ಪತ್ನಿಯೊಂದಿಗೆ ಭಾರತಕ್ಕೆ ಬಂದಿದ್ದರು. ಡಿಸೆಂಬರ್ 13ರಂದು ಅವರಿದ್ದ ವಿಮಾನ ನೀಲಗಿರಿ ಬೆಟ್ಟಗಳಲ್ಲಿ ಅಪ್ಪಳಿಸಿತು. ದಂಪತಿ ಇಬ್ಬರೂ ಉಳಿಯಲಿಲ್ಲ. ಅವರಿಗೆ ಆಗ 48 ವರ್ಷ. ಬಂಡೀಪುರ ದಾಟಿದರೆ ಎದುರಾಗುವ ಅದೇ ನೀಲಗಿರಿ. ಊಟಿಗೆ ಹೋಗುವ ದಾರಿಯಲ್ಲಿ ಆ ಬೆಟ್ಟಸಾಲು ಕಂಡಾಗಲೆಲ್ಲ ಆ ಮಹನೀಯರನ್ನು ನೆನೆಯುತ್ತೇನೆ.

ಇತ್ತೀಚಿನ ಪುಸ್ತಕಗಳಲ್ಲಿ ನನಗೆ ಭರವಸೆ ಹುಟ್ಟಿಸಿದ್ದು ಏಮಿ ಎಡ್ಮಂಡ್ಸನ್ ಅವರ 'ರೈಟ್ ಕೈಂಡ್ ಆಫ್ ರಾಂಗ್'. ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ನೀಡುವ ವರ್ಷದ ವ್ಯಾಪಾರ ಪುಸ್ತಕ ಪ್ರಶಸ್ತಿ 2023ರಲ್ಲಿ ಇದಕ್ಕೆ ಬಂತು. ಪುಸ್ತಕದ ವಸ್ತುವೇ ಸೋಲು. ಹಾರ್ವರ್ಡ್‌ನ ಈ ಪ್ರಾಧ್ಯಾಪಕಿ ಯುವ ಸಂಶೋಧಕಿಯಾಗಿದ್ದಾಗ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ನಿರೀಕ್ಷೆಯಾಗಿತ್ತು. ಅಂಕಿಗಳು ತಿರುಗುಮುರುಗಾಗಿ ಬಂದವು: ಒಳ್ಳೆಯ ತಂಡಗಳಲ್ಲೇ ತಪ್ಪು ಹೆಚ್ಚು. ಕೆದಕಿ ನೋಡಿದಾಗ ತಿಳಿದದ್ದು ಇಷ್ಟು. ಆ ತಂಡಗಳ ದಾದಿಯರು ತಪ್ಪನ್ನು ಬಾಯಿ ಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ಮುಖ್ಯಸ್ಥರ ಅಂಜಿಕೆಯಿಂದ ಮುಚ್ಚಿಡುತ್ತಿದ್ದರು. ಅಲ್ಲಿ ತಪ್ಪು ಆಗುತ್ತಿರಲಿಲ್ಲವೆಂದಲ್ಲ, ಕಾಗದದ ಮೇಲೆ ಬರುತ್ತಿರಲಿಲ್ಲ. ನಾಯಕತ್ವದ ಬಗ್ಗೆ ನಾನು ಓದಿದ ನೂರಾರು ಪುಟಗಳಿಗಿಂತ ಈ ಒಂದು ಸಂಗತಿ ಹೆಚ್ಚು ತೂಕದ್ದು ಎಂದು ನನಗೆ ಅನಿಸುತ್ತದೆ.

ಕಾಣದವರನ್ನು ಲೆಕ್ಕಕ್ಕೆ ತರುವ ಬುದ್ಧಿಗೆ ಹಾರ್ವರ್ಡಿನವರೆಗೆ ಹೋಗಬೇಕಾಗಿಲ್ಲ. ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಒಂದು ಬ್ಯಾಂಕ್ ಕಟ್ಟಿದರು. ಕೈಮಗ್ಗದ ಕಸುಬು ಮುಗ್ಗರಿಸಿ ನೇಕಾರರು ಕಂಗಾಲಾಗಿದ್ದ ಕಾಲ ಅದು. ಮೊದಲ ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. ಬ್ಯಾಂಕಿನ ಬಾಗಿಲು ತೆರೆದರೆ ಬರುವವರು ಹಣವಿದ್ದವರು, ಅವರನ್ನು ನೋಡಿಕೊಂಡಿದ್ದರೂ ಬ್ಯಾಂಕ್ ನಡೆಯುತ್ತಿತ್ತು. ಬಾರದವರ ಕಡೆಗೂ ಇವರು ಕಣ್ಣು ಹಾಯಿಸಿದರು. ದಿನಗೂಲಿಯವನಿಗೆ ತಿಂಗಳ ಕೊನೆಗೆ ಉಳಿಯುವ ಗಂಟು ಎಂಬುದೇ ಇಲ್ಲ. ಸಂಜೆ ಕೈಗೆ ಬಂದ ಕೂಲಿಯಲ್ಲಿ ಎರಡಾಣೆ ಇದೆ, ಅದು ಮರುದಿನಕ್ಕೆ ಉಳಿಯುವುದಿಲ್ಲ. ಅರ್ಧ ದಿನದ ಕೂಲಿ ಬಿಟ್ಟು ಬ್ಯಾಂಕಿಗೆ ಬರುವುದಂತೂ ಆಗದ ಮಾತು. ಹಾಗಾದರೆ ಬ್ಯಾಂಕೇ ಅವನ ಮನೆಗೆ ಹೋಗಲಿ ಎಂದರು. 1928ರಲ್ಲಿ ಪಿಗ್ಮಿ ಠೇವಣಿ ಹುಟ್ಟಿದ್ದು ಹೀಗೆ. ಏಜೆಂಟ್ ಪ್ರತಿದಿನ ಮನೆ ಬಾಗಿಲಿಗೆ ಬಂದು ಎರಡಾಣೆ ಪಡೆದು ಬರೆದುಕೊಂಡು ಹೋಗುತ್ತಿದ್ದ. ಸಂತೆಯಲ್ಲಿ ಹೂವು ಮಾರುವ ತಾಯಂದಿರ ಸೆರಗಿನ ಗಂಟಿನಿಂದ ಪಿಗ್ಮಿಯವರಿಗೆ ಸಲ್ಲುತ್ತಿದ್ದ ಚಿಲ್ಲರೆಯನ್ನು ನಾನೂ ಬಾಲ್ಯದಲ್ಲಿ ಕಂಡಿದ್ದೇನೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಪದ ಮಾತ್ರ ನಮ್ಮ ಸಂತೆ, ಪೇಟೆಗಳಲ್ಲಿ ಇನ್ನೂ ಬಾಳುತ್ತಿದೆ.

ಇಲ್ಲಿಯೂ ನಾನು ಗೆದ್ದೆತ್ತನ್ನೇ ತೋರಿಸಿದೆ ಎಂದು ನೀವು ಹೇಳಬಹುದು. ನಿಜ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಆ ದಶಕಗಳಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಇಂದು ನಮ್ಮ ನಾಲಿಗೆಗೆ ಬರುವುದು ನಾಲ್ಕೈದು ಹೆಸರು. ಹೆಸರು ಉಳಿಯದ ಬ್ಯಾಂಕುಗಳನ್ನು ಕಟ್ಟಿದವರೂ ಪ್ರಾಮಾಣಿಕರೇ, ದುಡಿಮೆಗಾರರೇ ಇದ್ದಿರಬೇಕು. ಅವರ ಕತೆಯನ್ನು ಯಾರಾದರೂ ಕನ್ನಡದಲ್ಲಿ ಬರೆದರೆ ಮೊದಲ ಪ್ರತಿ ಕೊಳ್ಳುವವನು ನಾನು.

ಕಳೆದ ತಿಂಗಳು ಆ ವಿದ್ಯಾರ್ಥಿಯನ್ನು ನನ್ನ ತರಗತಿಗೆ ಕರೆದೆ. ಹಳದಿ ಗೆರೆಯ ಪುಸ್ತಕ ಮನೆಯಲ್ಲಿರಲಿ, ಲೆಕ್ಕದ ಪುಸ್ತಕ ತಾ ಎಂದೆ. ಬಂದ. ಹುಡುಗರು ಬೆಂಚು ಬಿಟ್ಟೆದ್ದು ಮೇಜಿನ ಸುತ್ತ ನಿಂತರು. ಅವನು ಪುಟ ತಿರುವುತ್ತ ಹೋದ: ಅಂಗಡಿ ತೆರೆದ ದಿನದ ಅರಿಶಿನ ಕುಂಕುಮದ ಪುಟ, ಮೊದಲ ದೀಪಾವಳಿಯ ಭರ್ಜರಿ ವ್ಯಾಪಾರ, ಆಮೇಲೆ ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತ ಹೋದ ಉದ್ರಿಯ ಪಟ್ಟಿ. ಮೂರನೆಯ ವರ್ಷದ ಒಂದು ಪುಟದ ಮೇಲೆ ಬೆರಳಿಟ್ಟು, "ಇನ್ನು ನಡೆಯುವುದಿಲ್ಲ ಎಂದು ನನಗೆ ಇಲ್ಲಿ ಗೊತ್ತಾಯಿತು" ಎಂದ. ಅದಾದ ಮೇಲೂ ಹದಿನಾಲ್ಕು ತಿಂಗಳ ಲೆಕ್ಕವಿತ್ತು.

ಹಿಂದೆ ನಿಂತಿದ್ದ ಒಬ್ಬ ಹುಡುಗಿ ಕೇಳಿದಳು: "ಆಗ ಯಾರಿಗಾದರೂ ಹೇಳಿದಿರಾ?"

"ಇಲ್ಲ," ಎಂದ. "ಇವತ್ತೇ ಮೊದಲು."

ನಮಸ್ಕಾರ.