ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕ್ರ್ಯಾನ್‌ಬೆರಿ ಗೊಜ್ಜು

ಕೇಳುಗರೆಲ್ಲರಿಗೂ ನಮಸ್ಕಾರ.

ಓದಲಿಕ್ಕೋ ಕೆಲಸಕ್ಕೋ ಅಮೆರಿಕಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ, ಅಂದರೆ ಥ್ಯಾಂಕ್ಸ್‌ಗಿವಿಂಗ್ ಎಂಬ ಕೃತಜ್ಞತೆಯ ಹಬ್ಬದ ದಿನ, ಸಹೋದ್ಯೋಗಿಯ ಮನೆಗೋ, ಪ್ರೊಫೆಸರ್ ಮನೆಗೋ ಊಟಕ್ಕೆ ಕರೆ ಬಂದಿದೆ. ಅಂಥವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಇವತ್ತಿನ ಮಾತು. ಕರೆದವರು "ಏನೂ ತರಬೇಡಿ, ನೀವು ಬಂದರೆ ಸಾಕು" ಎಂದಿರುತ್ತಾರೆ. ಬರಿಗೈಯಲ್ಲಿ ಹೋಗುವ ಅಭ್ಯಾಸ ನಮಗಿಲ್ಲ. ಊರಿಗೆ ಫೋನ್ ಹೋಗುತ್ತದೆ. "ಬಿಸಿಬೇಳೆಬಾತ್ ಮಾಡಿಕೊಂಡು ಹೋಗೋ, ಎಲ್ಲರಿಗೂ ಇಷ್ಟವಾಗುತ್ತೆ" ಎಂಬ ಅಪ್ಪಣೆಯೂ ಬರುತ್ತದೆ.

ತಾಯಂದಿರು ಕ್ಷಮಿಸಬೇಕು. ಬಿಸಿಬೇಳೆಬಾತ್ ಬೇಡ. ಪೂರಿ ಬೇಡ, ಬಜ್ಜಿಯಂತೂ ಬೇಡವೇ ಬೇಡ. ಕಾರಣ ಒಂದೇ: ಅಂದು ಅವರ ಒಲೆ ಕೇಳಬಾರದು.

ಆ ದಿನ ಆ ಅಡುಗೆಮನೆಯಲ್ಲಿ ಏನು ನಡೆದಿರುತ್ತದೆ ನೋಡಿ. 15 ಪೌಂಡಿನ, ಅಂದರೆ 7 ಕಿಲೋ ಹತ್ತಿರದ ಟರ್ಕಿ ಕೋಳಿ 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ನಾಲ್ಕು ಗಂಟೆ ಓವನ್ ಹಿಡಿದು ಕೂತಿರುತ್ತದೆ. ಅದು ಹೊರಗೆ ಬಂದ ಮೇಲೆ ಕತ್ತರಿಸುವ ಮುಂಚೆ ಅರ್ಧ ಗಂಟೆ ಹಾಗೇ ಬಿಡಬೇಕು, ಇಲ್ಲದಿದ್ದರೆ ರಸವೆಲ್ಲ ಹಲಗೆಯ ಮೇಲೆ ಹರಿದುಹೋಗುತ್ತದೆ. ಆ ಅರ್ಧ ಗಂಟೆಯಲ್ಲೇ ಸ್ಟಫಿಂಗ್, ಸಿಹಿಗೆಣಸು, ಬೀನ್ಸ್ ಕ್ಯಾಸರೋಲ್, ಬನ್ನು ಎಲ್ಲವೂ ಸಾಲಾಗಿ ಓವನ್ ಒಳಗೆ ಹೋಗುತ್ತವೆ. ಒಲೆಯ ಒಂದು ಉರಿಯಲ್ಲಿ ಆಲೂಗಡ್ಡೆ, ಇನ್ನೊಂದರಲ್ಲಿ ಗ್ರೇವಿ. ಮನೆಯೊಡತಿಯ ಕೈಯಲ್ಲಿ ನಿಮಿಷ ನಿಮಿಷದ ಲೆಕ್ಕವಿರುವ ಚೀಟಿ. ಆ ಹೊತ್ತಿಗೆ ನೀವು ದೊಡ್ಡ ಪಾತ್ರೆ ಹಿಡಿದು "ಸ್ವಲ್ಪ ಬಿಸಿ ಮಾಡಿಕೊಳ್ಳಲಾ?" ಎಂದರೆ ಅವರು ಇಲ್ಲ ಎನ್ನುವುದಿಲ್ಲ. ನಗುತ್ತಲೇ ಜಾಗ ಬಿಡುತ್ತಾರೆ. ಆದರೆ ಅವರ ಲೆಕ್ಕ ಕೆಟ್ಟಿತು. ಬಿಸಿಬೇಳೆಬಾತ್ ಆರಿದರೆ ಗಟ್ಟಿಯಾಗುವ ಪದಾರ್ಥ. ನೀರು ಹಾಕಿ, ತಳ ಹತ್ತದಂತೆ ಕೈಯಾಡಿಸುತ್ತ ಇಪ್ಪತ್ತು ನಿಮಿಷ ಒಲೆಯ ಮುಂದೆ ನಿಲ್ಲದೆ ಅದು ಮತ್ತೆ ಸಡಿಲವಾಗುವುದಿಲ್ಲ. ಆ ಇಪ್ಪತ್ತು ನಿಮಿಷ ಅವರ ಬಳಿ ಇರುವುದಿಲ್ಲ.

ಹಾಗಾದರೆ ಏನು ಒಯ್ಯಬೇಕು? ಎರಡು ದಿನ ಮುಂಚೆ ಮಾಡಿಡಬಹುದಾದ, ತಣ್ಣಗೆ ತಿನ್ನುವ, ಬಾಟಲಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರೆ ಮುಗಿಯುವ ಪದಾರ್ಥ. ನನ್ನ ಓಟು ಕ್ರ್ಯಾನ್‌ಬೆರಿ ಗೊಜ್ಜಿಗೆ.

ಆ ಮೇಜನ್ನು ಸ್ವಲ್ಪ ಗಮನಿಸಿ. ಮಾಂಸ, ಆಲೂಗಡ್ಡೆ, ಬೆಣ್ಣೆ, ಕ್ರೀಮು, ಸಿಹಿಗೆಣಸು, ಕುಂಬಳಕಾಯಿ ಪೈ. ಎಲ್ಲವೂ ಮೆತ್ತಗೆ, ಎಲ್ಲವೂ ಸಪ್ಪೆ ಇಲ್ಲವೇ ಸಿಹಿ. ಹುಳಿ ಎಂದು ಇರುವುದು ಕ್ರ್ಯಾನ್‌ಬೆರಿ ಸಾಸ್ ಒಂದೇ. ಈ ಹಣ್ಣು ಈ ನೆಲದ್ದೇ. ಯುರೋಪಿನವರು ಹಡಗು ಇಳಿಯುವುದಕ್ಕಿಂತ ಎಷ್ಟೋ ಮೊದಲಿಂದ ಇಲ್ಲಿನ ಮೂಲನಿವಾಸಿಗಳು ತಿನ್ನುತ್ತಿದ್ದರು. ಈಗ ದೇಶದ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ವಿಸ್ಕಾನ್ಸಿನ್ ರಾಜ್ಯದ ಜವುಗು ತೋಟಗಳಿಂದ ಬರುತ್ತದೆ. ಕವಳೆಕಾಯಿ ಚಟ್ನಿ ತಿಂದು ಬೆಳೆದವರಿಗೆ ಇದರ ಹುಳಿ, ಹಿಂದೆಯೇ ಬರುವ ಒಗರು ಹೊಸದೆನಿಸುವುದಿಲ್ಲ.

ಈ ಹಣ್ಣು ಆ ಮೇಜಿಗೆ ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ಪ್ರಸಂಗವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 1959ನೇ ಇಸವಿ, ನವೆಂಬರ್ 9, ಸೋಮವಾರ. ಹಬ್ಬಕ್ಕೆ ಇನ್ನು ಹದಿನೇಳೇ ದಿನ. ಆರೋಗ್ಯ ಖಾತೆಯ ಕಾರ್ಯದರ್ಶಿ, ನಮ್ಮ ಲೆಕ್ಕದಲ್ಲಿ ಮಂತ್ರಿ, ಆರ್ಥರ್ ಫ್ಲೆಮಿಂಗ್ ಪತ್ರಕರ್ತರ ಮುಂದೆ ಒಂದು ವಿಷಯ ಹೇಳಿದರು. ವಾಯವ್ಯದ ರಾಜ್ಯಗಳಿಂದ ಬಂದ ಕ್ರ್ಯಾನ್‌ಬೆರಿಯ ಕೆಲವು ಮಾಲಿನಲ್ಲಿ ಅಮಿನೊಟ್ರಯಜೋಲ್ ಎಂಬ ಕಳೆನಾಶಕದ ಅಂಶ ಸಿಕ್ಕಿದೆ. ಇಲಿಗಳ ಮೇಲೆ ಪರೀಕ್ಷೆ ಮಾಡಿದಾಗ ಅದು ಥೈರಾಯ್ಡ್ ಕ್ಯಾನ್ಸರ್ ತಂದಿದೆ. ಆ ಔಷಧಿಯನ್ನು ಕೊಯ್ಲು ಮುಗಿದ ಮೇಲೆ ಸಿಂಪಡಿಸಲು ಅನುಮತಿ ಇತ್ತು. ಕೆಲವು ಬೆಳೆಗಾರರು ಮೊದಲೇ ಸಿಂಪಡಿಸಿದ್ದರು. ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವ ವಸ್ತುವನ್ನು ಆಹಾರಕ್ಕೆ ಸೇರಿಸಕೂಡದು ಎಂಬ ಕಾನೂನು ಹಿಂದಿನ ವರ್ಷವಷ್ಟೇ, 1958ರಲ್ಲಿ ಬಂದಿತ್ತು. ಹಾಗಾದರೆ ಗೃಹಿಣಿಯರು ಏನು ಮಾಡಬೇಕು ಎಂದು ಪತ್ರಕರ್ತರು ಕೇಳಿದರು. ಎಲ್ಲಿಯ ಹಣ್ಣು ಎಂದು ಗೊತ್ತಿಲ್ಲದಿದ್ದರೆ ಕೊಳ್ಳದಿರುವುದೇ ಕ್ಷೇಮ ಎಂಬರ್ಥದ ಉತ್ತರ ಬಂತು.

ಅಂಗಡಿಗೆ ಬಂದ ಹಣ್ಣಿನ ಮೇಲೆ ಅದು ಎಲ್ಲಿಯದು ಎಂದು ಯಾರು ಬರೆದಿರುತ್ತಾರೆ? ಕಪಾಟುಗಳಿಂದ ಡಬ್ಬಿಗಳು ಇಳಿದವು. ಹೋಟೆಲಿನವರು ಮೆನುವಿನಿಂದ ತೆಗೆದರು. ವರ್ಷದ ವ್ಯಾಪಾರವನ್ನೆಲ್ಲ ನವೆಂಬರಿನ ಮೇಲೆ ಹೊರಿಸಿ ಕೂತಿದ್ದ ಬೆಳೆಗಾರರು ತಲೆಯ ಮೇಲೆ ಕೈ ಹೊತ್ತರು. ಮುಂದಿನ ವರ್ಷ ಅಧ್ಯಕ್ಷರ ಚುನಾವಣೆ ಬೇರೆ. ಉಪಾಧ್ಯಕ್ಷ ರಿಚರ್ಡ್ ನಿಕ್ಸನ್ ವಿಸ್ಕಾನ್ಸಿನ್‌ಗೆ ಹೋದವರು ಎಲ್ಲರ ಎದುರು ಕ್ರ್ಯಾನ್‌ಬೆರಿ ಸಾಸನ್ನು ನಾಲ್ಕು ಸಲ ಬಡಿಸಿಕೊಂಡು ತಿಂದರು. ಅದೇ ರಾಜ್ಯದಲ್ಲಿ ಸೆನೆಟರ್ ಜಾನ್ ಕೆನಡಿ ಎರಡು ಲೋಟ ಕ್ರ್ಯಾನ್‌ಬೆರಿ ರಸ ಕುಡಿದರು. ಮರುವರ್ಷ ಪರಸ್ಪರ ಎದುರಾಳಿಗಳಾದ ಇಬ್ಬರೂ ಆ ವಾರ ಒಂದೇ ಹಣ್ಣಿನ ಪರ ಪ್ರಚಾರಕ್ಕಿಳಿದಿದ್ದರು! ಆದರೆ ಅಧ್ಯಕ್ಷ ಐಸೆನ್‌ಹೋವರ್ ಅವರ ಹಬ್ಬದ ಊಟಕ್ಕೆ ಬಂದದ್ದು ಸೇಬಿನ ಸಾಸ್. ಅಷ್ಟರಲ್ಲಿ ಸರ್ಕಾರ ಅವಸರದಲ್ಲಿ ಪರೀಕ್ಷೆಗಳನ್ನು ನಡೆಸಿ, ಶುದ್ಧವೆಂದು ಕಂಡ ಮಾಲಿಗೆ ಚೀಟಿ ಅಂಟಿಸಿ ಮಾರಲು ಬಿಟ್ಟಿತ್ತು. ಒಂದು ಹುಳಿ ಹಣ್ಣಿಗಾಗಿ ಇಷ್ಟು ಗಲಾಟೆ ಮಾಡಿಕೊಂಡ ಜನರ ಮೇಜಿಗೆ ನೀವು ಅದೇ ಹಣ್ಣನ್ನು ನಮ್ಮ ಒಗ್ಗರಣೆಯಲ್ಲಿ ಒಯ್ಯುತ್ತಿದ್ದೀರಿ. ಹುಳಿ ಅವರಿಗೆ ಪರಿಚಯದ್ದೇ, ಖಾರ ಮತ್ತು ಇಂಗು ಮಾತ್ರ ಹೊಸದು.

ಕಥೆ ಉದ್ದವಾಯಿತು. ಈಗ ಪೆನ್ನು ಹಿಡಿದುಕೊಳ್ಳಿ.

ತಾಜಾ ಕ್ರ್ಯಾನ್‌ಬೆರಿ 12 ಔನ್ಸಿನ ಚೀಲದಲ್ಲಿ ಸಿಗುತ್ತದೆ, 340 ಗ್ರಾಂ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ತರಕಾರಿ ವಿಭಾಗದಲ್ಲೇ ಇರುತ್ತದೆ. ಒಣಗಿಸಿ ಸಕ್ಕರೆ ಸೇರಿಸಿದ್ದನ್ನು ತರಬೇಡಿ, ಅದು ಬೇರೆಯೇ ಪದಾರ್ಥ. ಒಂದು ಚೀಲಕ್ಕೆ ಪುಡಿ ಮಾಡಿದ ಬೆಲ್ಲ 150 ಗ್ರಾಂ, ಉಪ್ಪು ಒಂದೂವರೆ ಟೀ ಚಮಚ, ಬ್ಯಾಡಗಿ ಮೆಣಸಿನಪುಡಿ ಒಂದು ಟೀ ಚಮಚ, ಅರಿಶಿನ ಕಾಲು ಚಮಚ, ಮೆಂತ್ಯ ಅರ್ಧ ಚಮಚ, ನೀರು ಅರ್ಧ ಕಪ್. ಒಗ್ಗರಣೆಗೆ ಎಣ್ಣೆ ನಾಲ್ಕು ದೊಡ್ಡ ಚಮಚ, ಸಾಸಿವೆ ಒಂದು ಚಮಚ, ಇಂಗು, ಕರಿಬೇವು. ಹುಣಸೆಹಣ್ಣು ಹಾಕಬೇಡಿ. ಗೊಜ್ಜು ಎಂದೊಡನೆ ಕೈ ತಾನಾಗಿ ಹುಣಸೆ ಡಬ್ಬಿಗೆ ಹೋಗುತ್ತದೆ, ತಡೆಯಿರಿ. ಹುಳಿ ಹಣ್ಣಿನಲ್ಲೇ ಬೇಕಾದಷ್ಟಿದೆ.

ಹಣ್ಣನ್ನು ತೊಳೆದು, ಮೆತ್ತಗಾದವನ್ನು, ಸುಕ್ಕಾದವನ್ನು ಆರಿಸಿ ಎಸೆಯಿರಿ. ಒಳ್ಳೆಯ ಹಣ್ಣಿನ ಒಳಗೆ ನಾಲ್ಕು ಗಾಳಿಗೂಡುಗಳಿರುತ್ತವೆ, ಕಟ್ಟೆಯ ಮೇಲೆ ಬಿಟ್ಟರೆ ಪುಟಿಯುತ್ತದೆ. ಮೆಂತ್ಯವನ್ನು ಸಣ್ಣ ಉರಿಯಲ್ಲಿ ಕೆಂಬಣ್ಣ ಬರುವವರೆಗೆ ಹುರಿದು ಪುಡಿ ಮಾಡಿ. ಕಪ್ಪಾದರೆ ಚೆಲ್ಲಿ ಮತ್ತೆ ಹುರಿಯಿರಿ. ಗೊಜ್ಜು ಕಹಿಯಾಯಿತು ಎಂದು ಹಣ್ಣನ್ನು ಬೈಯುವವರಲ್ಲಿ ಬಹಳ ಮಂದಿ ಸುಟ್ಟಿರುವುದು ಮೆಂತ್ಯವನ್ನು. ಪಾತ್ರೆ ಸ್ಟೀಲಿನದಿರಲಿ. ಅಲ್ಯೂಮಿನಿಯಮ್ಮಿಗೂ ಕಬ್ಬಿಣಕ್ಕೂ ಈ ಹುಳಿ ತಾಗಿದರೆ ಲೋಹದ ರುಚಿ ಬರುತ್ತದೆ.

ಹಣ್ಣು, ನೀರು, ಅರಿಶಿನ ಹಾಕಿ ಮಧ್ಯಮ ಉರಿಯಲ್ಲಿಡಿ. ಮುಚ್ಚಳ ಓರೆಯಾಗಿರಲಿ. ನಾಲ್ಕೈದು ನಿಮಿಷಕ್ಕೆ ಪಟ್ ಪಟ್ ಎಂದು ಒಡೆಯಲು ಶುರುವಾಗುತ್ತವೆ, ಮುಚ್ಚದಿದ್ದರೆ ಗೋಡೆಯೆಲ್ಲ ಕೆಂಪು. ಮುಕ್ಕಾಲು ಪಾಲು ಒಡೆದ ಮೇಲೆ ಸೌಟಿನ ಬೆನ್ನಿನಿಂದ ಒತ್ತಿ, ಆಮೇಲೆ ಬೆಲ್ಲ, ಉಪ್ಪು, ಮೆಣಸಿನಪುಡಿ. ಬೆಲ್ಲ ಮೊದಲೇ ಹಾಕಿದರೆ ಸಿಪ್ಪೆ ಬೇಗ ಮೆತ್ತಗಾಗುವುದಿಲ್ಲ. ಇನ್ನು ಐದಾರು ನಿಮಿಷ ಕುದಿಸಿ ಮೆಂತ್ಯದ ಪುಡಿ ಉದುರಿಸಿ.

ಎಲ್ಲರೂ ತಪ್ಪುವುದು ಇಲ್ಲಿ. ಗೊಜ್ಜು ಇನ್ನೂ ನೀರಾಗಿದೆ ಎನಿಸುವಾಗಲೇ ಉರಿ ಆರಿಸಬೇಕು. ಈ ಹಣ್ಣಿನಲ್ಲಿ ಪೆಕ್ಟಿನ್ ಬಹಳ, ಆರಿದಂತೆ ತಾನಾಗಿ ಗಟ್ಟಿಯಾಗುತ್ತದೆ. ಒಲೆಯ ಮೇಲೆಯೇ ಹದಕ್ಕೆ ತಂದರೆ ಗುರುವಾರ ಬಾಟಲಿಯಿಂದ ಚಾಕು ಹಾಕಿ ಕೊಯ್ದು ತೆಗೆಯಬೇಕಾದೀತು. ಹಾಗಾದರೆ ಎರಡು ಚಮಚ ಬಿಸಿನೀರು ಬೆರೆಸಿ ಕಲಕಿ, ಸರಿಹೋಗುತ್ತದೆ. ಕೊನೆಗೆ ಒಗ್ಗರಣೆ.

ಒಗ್ಗರಣೆಯ ಎಣ್ಣೆ ಸೂರ್ಯಕಾಂತಿಯದೋ ಕ್ಯಾನೋಲವೋ ಆಗಲಿ. ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆ ರುಚಿಯೇ, ಆದರೆ ಕಡಲೆಕಾಯಿ ಅಲರ್ಜಿ ಇಲ್ಲಿ ಆಟದ ಮಾತಲ್ಲ, ಎಳ್ಳನ್ನೂ 2023ರಿಂದ ಇಲ್ಲಿನ ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಗೆ ಸೇರಿಸಿದ್ದಾರೆ. ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಿ. ಅಂಗಡಿಯ ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆಸಿರುತ್ತಾರೆ, ಗ್ಲುಟೆನ್ ಆಗದವರು ಅದನ್ನು ತಿನ್ನುವಂತಿಲ್ಲ. ಅಕ್ಕಿಹಿಟ್ಟಿನದು ಸಿಗುತ್ತದೆ, ಇಲ್ಲವಾದರೆ ಇಂಗು ಬಿಡಿ. ಏನೇನು ಹಾಕಿದ್ದೀರಿ ಎಂದು ಚೀಟಿ ಬರೆದು ಬಾಟಲಿಗೆ ಅಂಟಿಸಿ, ಖಾರ ಇದೆ ಎಂದೂ ಬರೆಯಿರಿ.

ಒಂದು ಚೀಲಕ್ಕೆ ಸುಮಾರು ಎರಡೂವರೆ ಕಪ್ ಗೊಜ್ಜು, ಇಪ್ಪತ್ತು ಮಂದಿಗೆ ಸಾಕು. ಮಂಗಳವಾರ ಮಾಡಿ ಫ್ರಿಜ್‌ನಲ್ಲಿಡಿ, ಎರಡು ದಿನಕ್ಕೆ ಒಗರು ಇಳಿದು ಖಾರ ಹೊಂದಿಕೊಳ್ಳುತ್ತದೆ. ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಇಡಬೇಡಿ. ತಪಾಸಣೆಯವರ ಲೆಕ್ಕದಲ್ಲಿ ಗೊಜ್ಜೂ ದ್ರವವೇ, 3.4 ಔನ್ಸ್ ಮೀರಿದರೆ ಕಸದ ಡಬ್ಬಿಗೆ ಹೋಗುತ್ತದೆ. ಚೆಕ್‌ಇನ್ ಪೆಟ್ಟಿಗೆಯಲ್ಲಿ, ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಇಡಿ. ಬಾಗಿಲಲ್ಲಿ ಬಾಟಲಿ ಕೈಗೆ ಕೊಟ್ಟು "ಬಿಸಿ ಮಾಡುವುದು ಬೇಡ" ಎಂದು ಹೇಳಿಬಿಡಿ. ಅವರ ಮುಖ ನೋಡಿ ಆಗ!

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಸ್ಯಾಹಾರಿಗಳು ವಿಷಯವನ್ನು ವಾರ ಮುಂಚೆ ಫೋನಿನಲ್ಲಿ ತಿಳಿಸಿ, ಮೇಜಿನ ಮುಂದೆ ವಿಚಾರಣೆ ಬೇಡ. ಸ್ಟಫಿಂಗ್ ನೋಡಲು ಬ್ರೆಡ್ಡು, ಆದರೆ ಹೆಚ್ಚಾಗಿ ಕೋಳಿಯ ಸಾರಿನಲ್ಲಿ ನೆನೆಸಿದ್ದು. ಗ್ರೇವಿ ಟರ್ಕಿಯ ಜಿಡ್ಡಿನದು. ಸಿಹಿಗೆಣಸಿನ ಮೇಲಿನ ಬಿಳಿ ಮಾರ್ಷ್‌ಮ್ಯಾಲೊದಲ್ಲಿ ಜೆಲಟಿನ್, ಅದು ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದದ್ದು. ಪೈನ ಅಡಿಯ ಹಿಟ್ಟಿಗೆ ಕೆಲವರು ಹಂದಿಯ ಕೊಬ್ಬು ಹಾಕುತ್ತಾರೆ.

ಊಟಕ್ಕೆ ಮುಂಚೆ ಬಹಳ ಮನೆಗಳಲ್ಲಿ ಒಬ್ಬೊಬ್ಬರಾಗಿ ಈ ವರ್ಷ ತಾವು ಯಾರಿಗೆ, ಯಾಕೆ ಕೃತಜ್ಞರು ಎಂದು ಹೇಳುತ್ತಾರೆ. ನಿಮ್ಮ ಸರದಿಯೂ ಬರುತ್ತದೆ. ದೇವರು, ತಂದೆತಾಯಿ, ಗುರುಹಿರಿಯರು ಎಂದು ಸಭೆಯ ಭಾಷಣ ಶುರು ಮಾಡಬೇಡಿ, ಗ್ರೇವಿ ಆರುತ್ತಿರುತ್ತದೆ. ಒಬ್ಬರ ಹೆಸರು, ಅವರು ಮಾಡಿದ ಒಂದು ಕೆಲಸ, ಎರಡೇ ವಾಕ್ಯ. ಹಾಸಿಗೆ ಸಾಗಿಸಲು ಕಾರು ಕೊಟ್ಟವರಿರಬಹುದು, ಬ್ಯಾಂಕಿನ ಖಾತೆ ತೆರೆಯಲು ಜೊತೆಗೆ ಬಂದವರಿರಬಹುದು. ಎಲ್ಲರದೂ ಮುಗಿಯುವವರೆಗೆ ಚಮಚ ಮುಟ್ಟಬೇಡಿ. 1621ರಲ್ಲಿ ಪ್ಲಿಮತ್ ಎಂಬ ಊರಿನಲ್ಲಿ ಇಂಗ್ಲೆಂಡಿನ ವಲಸಿಗರೂ ಮೂಲನಿವಾಸಿಗಳೂ ಕೂಡಿ ಉಂಡ, ಈ ಹಬ್ಬದ ಮೂಲವೆನ್ನುವ ಊಟದ ಕಥೆ ಬಂದರೆ ಒಂದು ವಿಷಯ ನೆನಪಿರಲಿ: 1970ರಿಂದ ಅದೇ ಊರಿನಲ್ಲಿ, ಅದೇ ದಿನವನ್ನು ಮೂಲನಿವಾಸಿಗಳು ಶೋಕದಿನವಾಗಿ ಆಚರಿಸುತ್ತಾರೆ. ತಮಾಷೆಗೆ ಅದು ವಿಷಯವಲ್ಲ.

ಕೊನೆಯದು ಡಿಸೆಂಬರ್ ತಿಂಗಳದ್ದು. ವರ್ಷವಿಡೀ ಊರಿನ ಪಾರ್ಸೆಲ್ ತಂದುಕೊಟ್ಟ ಅಂಚೆಯವರಿಗೆ ಏನಾದರೂ ಕೊಡಬೇಕೆಂದು ಅನಿಸುತ್ತದೆ. ದೀಪಾವಳಿ ಖುಷಿ ಎಂದು ಅವರ ಕೈಗೆ ನೋಟು ಇಡುವುದು ನಮ್ಮ ಊರಿನ ರೂಢಿ. ಇಲ್ಲಿ ಅಂಚೆ ನೌಕರರು ನಗದು ಮುಟ್ಟುವಂತಿಲ್ಲ. ಒಂದು ಸಲಕ್ಕೆ 20 ಡಾಲರ್ ಒಳಗಿನ ವಸ್ತು, ಒಬ್ಬರಿಂದ ವರ್ಷಕ್ಕೆ ಒಟ್ಟು 50 ಡಾಲರ್ ಮೀರದಷ್ಟು ಮಾತ್ರ ತೆಗೆದುಕೊಳ್ಳಬಹುದು. ಗೊಜ್ಜು ಮಿಕ್ಕಿದ್ದರೆ ಸಣ್ಣ ಬಾಟಲಿಯಲ್ಲಿ ಹಾಕಿ ಕೊಡಿ, ಚೀಟಿ ಅಂಟಿಸುವುದನ್ನು ಮರೆಯಬೇಡಿ. ನಮಸ್ಕಾರ.