ಕಾರವಾರದ ಟುಪೊಲೆವ್: ರಿವೆಟ್ ಸುತ್ತಲಿನ ಬಿಳಿ ಹುಡಿ ನೋಡಿ

ಕಾರವಾರದ ಟ್ಯಾಗೋರ್ ಕಡಲತೀರ. ಹೆದ್ದಾರಿ 66ರ ಅಂಚಿಗೇ ಚಪಲ್ ಯುದ್ಧನೌಕೆ, ಅದರ ಹತ್ತಿರವೇ ನೌಕಾಪಡೆಯ ಈ ಹಳೇ ವಿಮಾನ, ಟುಪೊಲೆವ್-142 ಎಂ. ಬಂದವರು ಮೂತಿಯೆದುರು ಫೋಟೊ ಹೊಡೆದು ಹೊರಟುಬಿಡ್ತಾರೆ. ನೀವು ಮೊದಲು ರೆಕ್ಕೆಯ ಕಡೆ ಬನ್ನಿ.

ಎಂಜಿನ್ 4. ಒಂದೊಂದಕ್ಕೂ ಒಂದರ ಹಿಂದೊಂದು ಎರಡು ಪ್ರೊಪೆಲ್ಲರ್, ತಲಾ 4 ಬ್ಲೇಡ್. ಮುಂದಿನದು ತಿರುಗುವುದಕ್ಕೆ ಹಿಂದಿನದು ಉಲ್ಟಾ ತಿರುಗುತ್ತೆ. ಬ್ಲೇಡುಗಳ ಓರೆ ಹೋಲಿಸಿದರೆ ಈಗಲೂ ಗೊತ್ತಾಗುತ್ತೆ. ಮುಂದಿನದು ಸುರುಳಿ ಸುತ್ತಿಸಿ ಬಿಟ್ಟ ಗಾಳಿಯನ್ನು ಹಿಂದಿನದು ನೇರಮಾಡಿ ತಳ್ಳುತ್ತೆ. ಒಂದು ಎಂಜಿನ್ನಿಗೆ ಸುಮಾರು 15,000 ಅಶ್ವಶಕ್ತಿ, ಅದು ಸುಮ್ಮನೆ ಪೋಲಾಗಬಾರದಲ್ಲ! ರೆಕ್ಕೆಗಳ ಈ ತುದಿಯಿಂದ ಆ ತುದಿಗೆ 50 ಮೀಟರ್.

ಇಂಥ ವಿಮಾನಗಳು 1988ರಲ್ಲಿ ಗೋವಾದ ನೌಕಾನೆಲೆಗೆ ಬಂದವು, ಆಮೇಲೆ ತಮಿಳುನಾಡಿನ ಅರಕ್ಕೋಣಂಗೆ ಹೋದವು. ಜಲಾಂತರ್ಗಾಮಿ ಹುಡುಕುವುದೇ ಕೆಲಸ. 2017ರ ಮಾರ್ಚ್ 29ರಂದು ನಿವೃತ್ತಿ. 29 ವರ್ಷ, 8 ವಿಮಾನ, ಒಂದೂ ಬೀಳಲಿಲ್ಲ. ಅಷ್ಟು ವರ್ಷ ನೆಲದ ಮೇಲೆ ಇವುಗಳ ಬೋಲ್ಟು ಬಿಗಿದವರನ್ನು ಇಲ್ಲಿ ನೆನೆಯಲೇಬೇಕು. ಪಕ್ಕದ ಚಪಲ್ ಬಗ್ಗೆ ಒಂದು ಮಾತು: ಅದು 1971ರ ಯುದ್ಧದಲ್ಲಿತ್ತು ಅಂತ ಹೇಳೋರಿದ್ದಾರೆ. ಅದು ನೌಕಾಪಡೆ ಸೇರಿದ್ದೇ 1976ರಲ್ಲಿ.

ಈಗ ರಿವೆಟ್‌ಗಳ, ಅಂದರೆ ತಗಡುಗಳನ್ನು ಜೋಡಿಸಿ ಹಿಡಿದಿರುವ ಮೊಳೆಗಳ, ಹತ್ತಿರ ಬಗ್ಗಿ. ಕಡಲಂಚಿನಲ್ಲಿ ನಿಲ್ಲಿಸಿದ ಯಾವ ವಿಮಾನಕ್ಕಾದರೂ ಉಪ್ಪುಗಾಳಿಯೇ ವೈರಿ. ಮೈಯೆಲ್ಲ ತಾಮ್ರ ಬೆರೆತ ಅಲ್ಯೂಮಿನಿಯಂ. ಉಪ್ಪು ಅದರ ಮೇಲ್ಪದರ ಒಡೆದು ಚುಕ್ಕಿಚುಕ್ಕಿಯಾಗಿ ಕೊರೆಯುತ್ತೆ. ರಿವೆಟ್ ತಲೆಯ ಸುತ್ತ ಬಿಳಿ ಹುಡಿ, ಬಣ್ಣದಡಿ ಸಣ್ಣ ಗುಳ್ಳೆ ಕಂಡರೆ ಕೊರೆತ ಶುರುವಾಗಿದೆ ಅಂತಲೇ ಲೆಕ್ಕ. ಉಕ್ಕಿನ ಬೋಲ್ಟ್ ತಾಗುವ ಕಡೆ ಇನ್ನೂ ಬೇಗ. ನಡುವೆ ಉಪ್ಪುನೀರು ನಿಂತರೆ ಸವೆಯೋದು ಅಲ್ಯೂಮಿನಿಯಮ್ಮೇ.

ಆರೈಕೆ ಕಷ್ಟದ್ದಲ್ಲ, ಬಿಡದೆ ಮಾಡಬೇಕು ಅಷ್ಟೇ. ಇಲ್ಲಿನ ಮೀನುಗಾರಿಕೆ ಬಂದರು ಬೈತಖೋಲದ ಬೋಟಿನವರು ಎಂಜಿನ್ ತೊಳೆಯುವ ಹಾಗೆ ಸಿಹಿನೀರಲ್ಲಿ ತೊಳೀಬೇಕು, ಅದೂ ಮೆಲ್ಲಗೆ. ಜೋರು ಪ್ರೆಷರ್ ಕೊಟ್ಟರೆ ನೀರು ಸಂದಿಗೆ ನುಗ್ಗುತ್ತೆ. ಬಿಳಿ ಹುಡಿಯ ಮೇಲೇ ಬಣ್ಣ ಬಳಿದರೆ ಒಳಗೊಳಗೇ ತಿನ್ನುತ್ತೆ. ಮೊದಲು ಕೆರೆದು, ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ. ಕೆರೆಯೋಕೆ ಉಕ್ಕಿನ ತಂತಿ ಬ್ರಷ್ ಬೇಡ, ಅದರ ಚೂರು ಅಲ್ಲೇ ಕೂತು ಹೊಸ ತೂತು ಮಾಡುತ್ತೆ. ಮಳೆಗಾಲಕ್ಕೆ ಮುಂಚೆ ಹೊಟ್ಟೆಯಡಿಯ ನೀರು ಹೋಗುವ ತೂತುಗಳಿಗೆ ಕಡ್ಡಿ ಹಾಕಿ ನೋಡಬೇಕು. ಮರಳೋ ಹಕ್ಕಿಗೂಡಿನ ಕಸವೋ ಕಟ್ಟಿಕೊಂಡರೆ ಆಷಾಢದ ನೀರು ಒಳಗೇ ನಿಲ್ಲುತ್ತೆ.