ಕುಕಡಿಯ ಕೊರಕಲಿನಲ್ಲಿ ಹಸ್ತದ ಮಳೆ

ಕೇಳುಗರಿಗೆ ನಮಸ್ಕಾರ.

ಪುಣೆಯಲ್ಲಿ ನೆಲೆಸಿದವರಿಗೆ ಮಳೆಗಾಲದ ತಿರುಗಾಟವೆಂದರೆ ಪಶ್ಚಿಮಕ್ಕೆ ಹೋಗುವುದು. ಲೋಣಾವಳಾ, ತಾಮ್ಹಿಣಿ ಘಾಟ್, ಮಾಳ್ಶೇಜ್ ಘಾಟ್ ಎಂದು ಜೂನ್‌ನಿಂದ ಆಗಸ್ಟ್‌ವರೆಗೆ ರಜೆಯ ದಿನಗಳಲ್ಲಿ ಆ ದಾರಿಗಳಲ್ಲಿ ಕಾರುಗಳ ಸಾಲು ಕರಗುವುದೇ ಇಲ್ಲ. ನಾನು ಈ ಹೊತ್ತು ಹೇಳಹೊರಟಿರುವುದು ಅದಕ್ಕೆ ಬೆನ್ನು ಮಾಡಿ ಪೂರ್ವಕ್ಕೆ, ಮಳೆನೆರಳಿನ ಸೀಮೆಗೆ, ಮಳೆಗಾಲ ಮುಗಿಯಿತು ಎಂದು ಊರವರೆಲ್ಲ ಕೊಡೆ ಮಡಿಸಿಟ್ಟ ಮೇಲೆ ನಾವು ಮಾಡಿದ ಒಂದು ದಿನದ ಪ್ರಯಾಣದ ಕುರಿತು. ನೋಡಹೋದದ್ದು ಪುಣೆ ಜಿಲ್ಲೆಗೂ ಅಹಿಲ್ಯಾನಗರ ಜಿಲ್ಲೆಗೂ ಗಡಿಯಾಗಿ ಹರಿಯುವ ಕುಕಡಿ ನದಿಯು ನಿಘೋಜ್ ಎಂಬ ಊರಿನ ಹತ್ತಿರ ಕರಿಕಲ್ಲಿನಲ್ಲಿ ಕೊರೆದುಕೊಂಡಿರುವ ಕಮರಿಯನ್ನು.

ನವರಾತ್ರಿಯ ಮೊದಲ ರವಿವಾರ ಅದು. ಮನೆಯಲ್ಲಿ ಘಟ್ಟ ಹಾಕಿದ್ದರಿಂದ, ಅಂದರೆ ಮಣ್ಣಿನಲ್ಲಿ ಕಾಳು ಬಿತ್ತಿ ದೇವಿಯ ಕಲಶ ಇಟ್ಟಿದ್ದರಿಂದ, ಬೆಳಗಿನ ಪೂಜೆ ಮುಗಿಸಿಯೇ ಹೊರಟೆವು. ನಾನು, ನಮ್ಮ ಮನೆಯವರು ಮತ್ತು ಇಲ್ಲಿಯೇ ಭೂವಿಜ್ಞಾನ ಓದುತ್ತಿರುವ ನನ್ನ ಅಕ್ಕನ ಮಗ, ಹೀಗೆ ಮೂರೇ ಜನ. ವಾಘೋಲಿಯ ವಾಹನಗಳ ಇಕ್ಕಟ್ಟನ್ನು ಕಳೆದು ಕೋರೆಗಾವ್‌ನಲ್ಲಿ ಭೀಮಾ ನದಿಯ ಸೇತುವೆ ದಾಟುವಾಗ ನಾನು ಎಂದಿನಂತೆ ಕಿಟಕಿ ಇಳಿಸಿ ಕೈ ಮುಗಿದೆ. ನನ್ನ ತವರು ಇಂಡಿ ತಾಲ್ಲೂಕಿನಲ್ಲಿ, ಇದೇ ಭೀಮೆಯ ದಂಡೆಯ ಮೇಲಿದೆ. ಶಿಕ್ರಾಪುರ, ರಾಂಜಣಗಾಂವ್‌ಗಳನ್ನು ಹಾದು ಶಿರೂರು ಸೇರುವಷ್ಟರಲ್ಲಿ ಸಣ್ಣಗೆ ಹನಿಯತೊಡಗಿತು. ಶಿರೂರಿನಿಂದ ಉತ್ತರಕ್ಕೆ ಟಾಕಳಿ ಹಾಜಿಯ ದಾರಿ ಹಿಡಿದಾಗ ಮಳೆ ಬಲವಾಯಿತು. ಎರಡೂ ಬದಿಗೆ ಈರುಳ್ಳಿಯ ಮಡಿಗಳು, ಅಲ್ಲಲ್ಲಿ ದಾಳಿಂಬೆಯ ತೋಟಗಳು, ನಡುನಡುವೆ ಬಿಳಿಜೋಳ ಬಿತ್ತಲು ಹರಗಿಟ್ಟ ಕಪ್ಪು ಹೊಲಗಳು. ವಿಜಯಪುರದ ಕಡೆಯವರಿಗೆ ಇದಕ್ಕಿಂತ ಪರಿಚಿತವಾದ ನೋಟ ಇನ್ನೊಂದಿಲ್ಲ.

ಕಾವ್ಯಗಳಲ್ಲಿ ಬರುವ ಶರದೃತು ತಿಳಿಯಾದ ಆಕಾಶದ್ದು, ಕೆಸರು ಇಳಿದ ನದಿಗಳದ್ದು, ಬೆಳ್ಮುಗಿಲಿನದ್ದು. ದಖ್ಖನಿನ ಬಯಲುಸೀಮೆಯ ಶರದೃತು ಹಾಗಿಲ್ಲ. ಸಹ್ಯಾದ್ರಿಯ ನೆತ್ತಿಯ ಮೇಲೆ ಜುಲೈಯಲ್ಲಿ ಸುರಿದು ಹಗುರಾದ ಮೋಡಗಳು ಈ ಸೀಮೆಗೆ ಬರುವಾಗ ಬರಿಗೈಯಲ್ಲಿರುತ್ತವೆ. ಇಲ್ಲಿನ ಬೆಳೆಗೆ ನಿಜವಾಗಿ ಒದಗುವುದು ಮುಂಗಾರು ಹಿಂದೆ ಸರಿಯುವ ಹೊತ್ತಿನ ಮಳೆಯೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ರಾಜಸ್ಥಾನದ ಪಶ್ಚಿಮ ಅಂಚಿನಿಂದ ಸಾಮಾನ್ಯವಾಗಿ ಸೆಪ್ಟೆಂಬರ್ 17ರ ಸುಮಾರಿಗೆ ಕಾಲು ತೆಗೆಯುತ್ತದೆ. ಆಮೇಲೆ ಮಹಾರಾಷ್ಟ್ರವನ್ನು ದಾಟಿ ಹೋಗುವಾಗ ಮಧ್ಯಾಹ್ನದವರೆಗೆ ಸುಡುಬಿಸಿಲು, ಸಂಜೆಗೆ ಗುಡುಗು ಮಿಂಚು ಎಂಬ ಆಟ ನಡೆಯುತ್ತದೆ. ಮರಾಠಿಯವರು ಇದನ್ನು ‘ಪರತೀಚಾ ಪಾವೂಸ್’, ಅಂದರೆ ಮರಳಿ ಹೋಗುವ ಮಳೆ ಎನ್ನುತ್ತಾರೆ. ನಮ್ಮ ರೈತರು ಅದನ್ನೇ ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ನಕ್ಷತ್ರ ಹಿಡಿದು ಎಣಿಸುತ್ತಾರೆ. ಹಸ್ತ ನಕ್ಷತ್ರದ ಹೆಸರಿನಲ್ಲಿ ಪುಣೆಯ ಹಳೆಯ ಪೇಟೆಗಳ ಹುಡುಗಿಯರು ನಡುವೆ ಆನೆಯ ಚಿತ್ರವಿಟ್ಟು ಸುತ್ತ ಹಾಡುತ್ತ ಆಡುವ ಹಾದಗಾ, ಅಥವಾ ಭೋಂಡಲಾ, ಈ ದಿನಗಳದ್ದೇ. ನಾವು ಹೋದ ದಿನ ಮಾತ್ರ ಹಸ್ತದ ಮಳೆ ಸಂಜೆಯ ತನಕ ಕಾಯಲಿಲ್ಲ.

ನಿಘೋಜ್‌ನ ಕಮರಿಯ ಒಂದು ವಿಚಿತ್ರವೆಂದರೆ ಅದು ದೂರದಿಂದ ಕಾಣಿಸುವುದೇ ಇಲ್ಲ. ಕಣಿವೆ ಎಂದರೆ ಎರಡು ಬದಿಗೆ ಬೆಟ್ಟ ಇರಬೇಕು, ಕೆಳಗೆ ಇಳಿದು ನೋಡಬೇಕು ಎಂಬ ನಮ್ಮ ನಿರೀಕ್ಷೆಗೆ ಇಲ್ಲಿ ಯಾವ ಆಧಾರವೂ ಇಲ್ಲ. ಸಪಾಟು ಬಯಲು, ಸಪಾಟಾದ ಕರಿಬಂಡೆಯ ಹಾಸು, ಅದರ ನಡುವೆ ಇದ್ದಕ್ಕಿದ್ದಂತೆ ನೆಲ ಬಾಯಿ ತೆರೆದು ಒಳಗೆ ನದಿ. ಆದ್ದರಿಂದ ಇದನ್ನು ಕಣಿವೆ ಎನ್ನಲು ನನಗೆ ಮನಸ್ಸಿಲ್ಲ. ಕಮರಿ ಎನ್ನಬಹುದು, ಅದಕ್ಕಿಂತಲೂ ಕೊರಕಲು ಎಂಬ ಮಾತು ಒಪ್ಪುತ್ತದೆ, ಏಕೆಂದರೆ ಕೊರೆಯುವ ಕೆಲಸವು ಆ ಮಾತಿನೊಳಗೇ ಇದೆ. ಎರಡೂ ದಂಡೆಗಳ ಮೇಲೆ ಮಳಗಂಗಾದೇವಿಯ ಗುಡಿಗಳಿವೆ, ನಡುವೆ ದಾಟಲು ಒಂದು ತೂಗುಸೇತುವೆ ಇದೆ. ಗುಡಿಯಲ್ಲಿ ಘಟ್ಟದ ಮಣ್ಣಿನಿಂದ ಮೊಳಕೆಗಳು ಆಗಷ್ಟೇ ತಲೆಯೆತ್ತಿದ್ದವು, ಬೆರಳ ಉಗುರಿನಷ್ಟು, ತಿಳಿಹಳದಿ ಬಣ್ಣದವು.

ದಂಡೆಯಲ್ಲಿ ಪ್ಲಾಸ್ಟಿಕ್ ಹಾಳೆಯ ಮರೆಯಲ್ಲಿ ಕುಳಿತು ಹುರಿದ ಶೇಂಗಾ ಮಾರುತ್ತಿದ್ದ ಮುದುಕಿಯೊಬ್ಬರನ್ನು ನಮ್ಮವರು, “ಮಾವಶಿ, ಕುಂಡ ಎಂದರೆ ಇದೇ ಏನು?” ಎಂದು ಮರಾಠಿಯಲ್ಲಿ ಕೇಳಿದರು. ಆಕೆ ಕುಂಡ ಅಂತಲೂ ಅನ್ನಿರಿ, ಆದರೆ ನೀವು ನೋಡಬೇಕಾದದ್ದು ‘ರಾಂಜಣಖಳಗೆ’ ಎಂದು ತಿದ್ದಿದರು. ಖಳಗೆ ಎಂದರೆ ಗುಂಡಿಗಳು. ರಾಂಜಣ ಎಂದರೆ ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. ನನಗೆ ಒಡನೆ ನಮ್ಮ ಅಜ್ಜಿಯ ಬಚ್ಚಲ ಮೂಲೆಯಲ್ಲಿ ಅರ್ಧ ನೆಲದೊಳಗೆ ಹೂತಿಟ್ಟಿದ್ದ ರಂಜಣಗಿ ನೆನಪಾಯಿತು: ಬಾಯಿ ಕಿರಿದು, ಹೊಟ್ಟೆ ಹಿರಿದು, ತಳಕ್ಕೆ ಕೈ ತಲುಪದಷ್ಟು ಆಳ. ಕೊರಕಲಿನ ಅಂಚಿಗೆ ಹೋಗಿ ಬಗ್ಗಿ ನೋಡಿದಾಗ ಆ ಹೆಸರಿಟ್ಟವರ ಕಣ್ಣಿಗೆ ತಲೆಬಾಗಬೇಕೆನಿಸಿತು. ಬಂಡೆಯ ಮೈಯಲ್ಲಿ ಒಂದರ ಪಕ್ಕ ಒಂದು, ಒಂದರೊಳಗೆ ಇನ್ನೊಂದು, ಕುಂಬಾರನೇ ತಿರುಗಿಸಿ ಎತ್ತಿದಂಥ ದುಂಡು ಗುಂಡಿಗಳು. ಕೆಲವು ಬೊಗಸೆಯಷ್ಟು, ಕೆಲವು ಆಳು ನಿಂತರೆ ಮುಳುಗುವಷ್ಟು. ಹಲವು ಗುಂಡಿಗಳ ಬಾಯಿಗಿಂತ ಹೊಟ್ಟೆ ಅಗಲ.

ಒಂದು ಗುಂಡಿಯ ಎದುರಿಗೆ, ಅಂಚಿನಿಂದ ದೂರವಾಗಿ, ನಾನು ಕಾಲು ಗಂಟೆ ನಿಂತಿದ್ದೆ. ಮೇಲಿನ ಕಾಲುವೆಯಂಥ ಸೀಳಿನಿಂದ ಕಂದು ನೀರು ಓರೆಯಾಗಿ ಬಂದು ಅದರೊಳಗೆ ಬೀಳುತ್ತಿತ್ತು, ಬಿದ್ದ ನೀರು ನೇರ ಹೊರಡದೆ ಗೋಡೆ ಸವರಿ ಸುತ್ತುತ್ತಿತ್ತು. ಯಾರೋ ಗುಡಿಯಲ್ಲಿ ಒಡೆಸಿದ ತೆಂಗಿನಕಾಯಿಯ ಒಂದು ಖಾಲಿ ಹೋಳು ಆ ಸುಳಿಗೆ ಸಿಕ್ಕಿತ್ತು. ಅದು ಗೋಡೆಯುದ್ದಕ್ಕೂ ಸುತ್ತಿ, ಸುತ್ತು ಕಿರಿದಾಗುತ್ತ ನಡುವಿಗೆ ಬಂದು, ಅಲ್ಲಿ ಒಮ್ಮೆ ನಡುಗಿ, ಒಳಗೆ ಎಳೆಯಲ್ಪಟ್ಟು ಮಾಯವಾಗುತ್ತಿತ್ತು; ಇನ್ನೇನು ಹೋಯಿತು ಎಂದುಕೊಳ್ಳುವಷ್ಟರಲ್ಲಿ ಬೀಳುನೀರಿನ ಬುಡದಲ್ಲಿ ಬೆನ್ನು ಮೇಲಾಗಿ ಏಳುತ್ತಿತ್ತು. ಮೂವತ್ತೆಂಟು ಸುತ್ತು ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ನೀರಿನ ಮೊರೆತದ ಕೆಳಗೆ ಇನ್ನೊಂದು ಸದ್ದು ಇತ್ತು. ಅದು ಕಿವಿಗಿಂತ ಅಂಗಾಲಿಗೆ ಹೆಚ್ಚು ತಿಳಿಯುತ್ತಿತ್ತು. ತಳದಲ್ಲಿ ಕಲ್ಲಿಗೆ ಕಲ್ಲು ತಾಗುವ ಸದ್ದು.

“ಚಿಗವ್ವಾ, ನೀರಿಗೆ ಹಲ್ಲಿಲ್ಲ. ಉಸುಕು, ಹರಳುಗಳೇ ಅದರ ಹಲ್ಲು,” ಎಂದ ಅಕ್ಕನ ಮಗ. ಆತ ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ದಖ್ಖನಿನ ಈ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ, ಪದರದ ಮೇಲೆ ಪದರವಾಗಿ ಹರಡಿ ತಣಿದ ಲಾವಾ. ತಣಿಯುವಾಗ ಅದರಲ್ಲಿ ಸೀಳುಗಳು ಬಿದ್ದವು, ಒಳಗಿನ ಅನಿಲದ ಗುಳ್ಳೆಗಳು ಸಣ್ಣ ತೂತುಗಳಾಗಿ ಉಳಿದವು. ನದಿ ರಭಸವಾಗಿ ಹಾಯುವ ಕಡೆ ಇಂಥ ಒಂದು ದುರ್ಬಲ ಜಾಗದಲ್ಲಿ ಮೊದಲು ಚಿಕ್ಕ ತಗ್ಗು ಬೀಳುತ್ತದೆ. ತಗ್ಗು ಇದ್ದಲ್ಲಿ ಸುಳಿ ಹುಟ್ಟುತ್ತದೆ, ಸುಳಿ ಹುಟ್ಟಿದಲ್ಲಿ ಉಸುಕು ಮತ್ತು ಹರಳುಗಲ್ಲುಗಳು ಸೆರೆಯಾಗುತ್ತವೆ, ಸೆರೆಯಾದ ಕಲ್ಲುಗಳು ಹೊರಬರುವ ದಾರಿ ಕಾಣದೆ ತಳವನ್ನೂ ಗೋಡೆಯನ್ನೂ ಉಜ್ಜುತ್ತವೆ. ತಗ್ಗು ಆಳವಾದಷ್ಟೂ ಸುಳಿಯ ಹಿಡಿತ ಬಿಗಿಯಾಗುತ್ತದೆ. ನಮ್ಮ ರುಬ್ಬುವ ಒರಳನ್ನೇ ನೆನೆಯಿರಿ. ಗುಂಡು ತಿರುಗಿ ತಿರುಗಿ ಒರಳೂ ಸವೆಯುತ್ತದೆ, ಗುಂಡೂ ಸವೆಯುತ್ತದೆ. ವ್ಯತ್ಯಾಸವಿಷ್ಟೇ, ಇಲ್ಲಿ ಸವೆದ ಗುಂಡಿನ ಬದಲು ಮುಂದಿನ ಮಳೆಗಾಲ ಹೊಸ ಗುಂಡನ್ನು ತಂದು ಹಾಕುತ್ತದೆ. ಪಕ್ಕಪಕ್ಕದ ಎರಡು ಗುಂಡಿಗಳ ನಡುವಿನ ಗೋಡೆ ತೆಳುವಾಗಿ ಒಂದು ದಿನ ಒಡೆದಾಗ ಎರಡೂ ಒಂದಾಗುತ್ತವೆ. ಹಾಗೆ ಸಾಲುಗುಂಡಿಗಳೆಲ್ಲ ಕೂಡಿಕೊಂಡೇ ಕೊರಕಲು ಬೆಳೆಯುತ್ತದೆ. ಅಂದರೆ ನದಿಯು ಬಂಡೆಯನ್ನು ಗರಗಸದಂತೆ ಉದ್ದಕ್ಕೆ ಕೊಯ್ದಿಲ್ಲ, ಬೈರಿಗೆಯಂತೆ ಅಲ್ಲಲ್ಲಿ ಕೊರೆದು ಆ ತೂತುಗಳನ್ನು ಸೇರಿಸಿಕೊಂಡಿದೆ. ಗೋಡೆಗಳು ಅರ್ಧ ಕತ್ತರಿಸಿದ ಹರವಿಗಳ ಸಾಲಿನಂತೆ ಬಾಗಿ ಬಾಗಿ ಹೋಗಿರುವುದು ಏಕೆಂದು ಆಗ ನನಗೆ ಅರ್ಥವಾಯಿತು.

ಇದೇ ಜಾಗಕ್ಕೆ ನಾನು ಹಿಂದೆ ಒಮ್ಮೆ ಏಪ್ರಿಲ್‌ನಲ್ಲಿ ಬಂದಿದ್ದೆ. ಅಂದು ಗುಂಡಿಗಳೆಲ್ಲ ತೆರೆದು ಬಿದ್ದಿದ್ದವು, ಕೆಲವುಗಳಲ್ಲಿ ಹಸಿರುಗಟ್ಟಿದ ನೀರು, ಕೆಲವುಗಳಲ್ಲಿ ನುಣುಪಾದ ಗುಂಡುಕಲ್ಲುಗಳು. ಚಿತ್ರ ತೆಗೆಯಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ, ಜನ ಹೆಚ್ಚಾಗಿ ಬರುವುದೂ ಆಗಲೇ. ಆದರೆ ಅಂದು ನಾನು ನೋಡಿದ್ದು ಅಕ್ಕಸಾಲಿಗನಿಲ್ಲದ ಅಂಗಡಿ. ಮಹಾಪೂರ ಬಂದಾಗ ಹೋದರೆ ಗುಂಡಿಗಳೂ ಕಾಣಿಸವು, ಗೋಡೆಗಳೂ ಕಾಣಿಸವು, ಬರಿಯ ಕೆಂಪು ನೀರಿನ ಓಟ. ಕೆತ್ತಿದ್ದನ್ನೂ ಕೆತ್ತುವವನನ್ನೂ ಒಟ್ಟಿಗೆ ನೋಡಬೇಕೆಂದರೆ ಮಳೆ ಹಿಂದಿರುಗುವ ಈ ಮೂರು ನಾಲ್ಕು ವಾರಗಳೇ ಸರಿ ಎಂಬುದು ನನ್ನ ಅಭಿಪ್ರಾಯ. ಮಳೆಯಲ್ಲಿ ನೆನೆದ ಬಂಡೆಯ ಬಣ್ಣವೂ ಬೇರೆ: ಬಿಸಿಲಿನಲ್ಲಿ ಬೂದಿಯಾಗಿ ಕಾಣುವ ಕಲ್ಲು ಅಂದು ಎಣ್ಣೆ ಹಚ್ಚಿದ ಹೆಂಚಿನಂತೆ ಕಪ್ಪಗೆ ಮಿರುಗುತ್ತಿತ್ತು, ಅದರೊಳಗಿನ ಬಿಳಿಯ ಹರಳಿನ ಚುಕ್ಕೆಗಳು ಒಂದೊಂದೂ ಎದ್ದು ಕಾಣುತ್ತಿದ್ದವು.

ಅದೇ ಮಿರುಗು ನನ್ನನ್ನು ಕೆಡವಿತು. ನೀರಿನಿಂದ ಹತ್ತು ಹೆಜ್ಜೆ ದೂರದಲ್ಲಿಯೇ, ಹಾವಸೆ ಹಿಡಿದ ಒಂದು ಇಳಿಜಾರಿನ ಮೇಲೆ ಕಾಲಿಟ್ಟವಳು ಮೊಣಕಾಲೂರಿ ಬಿದ್ದೆ. ಪೆಟ್ಟು ದೊಡ್ಡದಲ್ಲ, ಆದರೆ ಬಿದ್ದ ಮೇಲೆ ಅಂಗೈಯನ್ನು ಎಲ್ಲಿ ಊರಿದರೂ ಜಾರುತ್ತಿತ್ತು, ಹಿಡಿಯಲು ಒಂದು ಅಂಚೂ ಸಿಗಲಿಲ್ಲ. ಆ ನುಣುಪನ್ನು ನದಿ ಎಷ್ಟು ಕಾಲದಿಂದ ಮಾಡುತ್ತಿದೆ ಎಂದು ಅಕ್ಕನ ಮಗ ಹೇಳಿದಾಗ ಕೇಳಿದ್ದೆ, ಕೈಗೆ ತಿಳಿದದ್ದು ಆಗಲೇ. ಇಬ್ಬರೂ ಬಂದು ಎಬ್ಬಿಸಿದರು. ಶೇಂಗಾದ ಮಾವಶಿ ದೂರದಿಂದಲೇ ಗದರಿದರು, ಈ ಗುಂಡಿಗಳಲ್ಲಿ ಬಿದ್ದವರಿಗೆ ಈಜು ಬಂದರೂ ಪ್ರಯೋಜನವಿಲ್ಲ ಎಂದರು. ಅದು ಗೊಡ್ಡು ಹೆದರಿಕೆಯ ಮಾತಲ್ಲ. ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ಗುಂಡಿಯಲ್ಲಿ ಗೋಡೆ ಒಳಕ್ಕೆ ಬಾಗಿರುತ್ತದೆ, ಸುಳಿ ಕೆಳಕ್ಕೆ ಎಳೆಯುತ್ತದೆ, ಹಿಡಿಯಲು ಏನೂ ಇರುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ತೂಗುಸೇತುವೆಯಿಂದ ನೋಡಿ ತೃಪ್ತರಾಗಲಿ. ಬಂಡೆಯ ಅಂಚಿಗೆ ಬೆನ್ನು ಮಾಡಿ ಮೊಬೈಲಿನಲ್ಲಿ ತಮ್ಮದೇ ಚಿತ್ರ ತೆಗೆದುಕೊಳ್ಳುವವರ ಬಗ್ಗೆ ನಾನು ಹೇಳುವುದೇನೂ ಉಳಿದಿಲ್ಲ. ಅಂದು ಅಂಥವರು ನಾಲ್ವರಿದ್ದರು.

ಇನ್ನೊಂದು ಮಾತು ತಿಳಿದಿರಬೇಕು. ಕುಕಡಿಯಲ್ಲಿ ನೀರು ಏರುವುದಕ್ಕೆ ಕಣ್ಣೆದುರಿನ ಮಳೆಯೇ ಕಾರಣವಾಗಬೇಕಿಲ್ಲ. ಜುನ್ನರ್ ತಾಲ್ಲೂಕಿನ ಸಹ್ಯಾದ್ರಿಯ ಮಡಿಲಲ್ಲಿ, ಕುಕಡೇಶ್ವರನ ಹಳೆಯ ಗುಡಿಯಿರುವ ಸೀಮೆಯಲ್ಲಿ ಹುಟ್ಟುವ ಈ ನದಿಗೆ ಮೇಲ್ಭಾಗದಲ್ಲಿಯೇ ಮಾಣಿಕ್‌ಡೋಹ, ಯೆಡಗಾಂವ್ ಎಂಬ ಅಣೆಕಟ್ಟುಗಳಿವೆ. ಯೆಡಗಾಂವ್‌ನಿಂದ ಹೊರಡುವ ಎಡದಂಡೆ ಕಾಲುವೆಯು ಪಾರನೇರ್, ಶ್ರೀಗೋಂದಾ, ಕರ್ಜತ್ ಕಡೆಯ ಒಣಭೂಮಿಗೆ ನೀರು ಒಯ್ಯುತ್ತದೆ. ಆದ್ದರಿಂದ ಈಗ ಕೊರಕಲಿನ ಪಾಲಿಗೆ ಬರುವುದು ಅಣೆಕಟ್ಟು ತುಂಬಿ ಬಿಟ್ಟ ನೀರು ಮತ್ತು ಅಲ್ಲಿಂದ ಕೆಳಗಿನ ಹಳ್ಳಗಳು ತಂದ ನೀರು. ಬೈರಿಗೆ ಹಿಡಿದ ಕೈಗೆ ಮೊದಲಿನ ಬಿಡುವಿಲ್ಲದ ದುಡಿಮೆ ಈಗಿಲ್ಲ. ಹೊಲಕ್ಕೆ ನೀರು ಸಿಕ್ಕಿದ್ದನ್ನು ಕಂಡವರು ಇದನ್ನು ನಷ್ಟವೆನ್ನಲಾರರು, ನಾನೂ ಅನ್ನಲಾರೆ.

ಇಲ್ಲಿಂದ ಕುಕಡಿ ಘೋಡ ನದಿಯನ್ನು ಸೇರುತ್ತದೆ, ಘೋಡ ಭೀಮೆಯನ್ನು. ಭೀಮೆ ಉಜನಿಯ ಅಣೆಕಟ್ಟಿನಲ್ಲಿ ನಿಂತು, ಪಂಢರಪುರದಲ್ಲಿ ಚಂದ್ರಭಾಗೆಯಾಗಿ ಬಾಗಿ, ಇಂಡಿ, ಅಫಜಲಪುರಗಳ ಹೊಲಗಳ ಬದಿಗೆ ಹಾದು, ಗಾಣಗಾಪುರದ ಸಂಗಮ ಮುಟ್ಟಿ, ರಾಯಚೂರಿನ ಹತ್ತಿರ ಕೃಷ್ಣೆಯೊಳಗೆ ಮುಗಿಯುತ್ತದೆ. ಹುಟ್ಟಿನಿಂದ ಲೆಕ್ಕ ಹಿಡಿದರೆ ಭೀಮೆಯದು ಒಟ್ಟು 861 ಕಿಲೋಮೀಟರ್‌ಗಳ ದಾರಿ. ನಾನು ಚಿಕ್ಕವಳಿದ್ದಾಗ ಊರಲ್ಲಿ ಒಂದು ಹನಿ ಬೀಳದೆ ಹೊಳೆ ಏರಿದರೆ ಅಪ್ಪ ದಂಡೆಯಲ್ಲಿ ನಿಂತು, “ಮ್ಯಾಲ ಪುಣೆ ಕಡೆ ಮಳಿ ಆಗೇತಿ” ಎನ್ನುತ್ತಿದ್ದರು. ಆ ‘ಮ್ಯಾಲ’ ಎಂದರೆ ಯಾವ ಜಾಗ ಎಂದು ನಾನು ಕೇಳಿರಲಿಲ್ಲ.

ಸಂಜೆ ಶಿರೂರಿನಲ್ಲಿ ಚಹಾಕ್ಕೆ ನಿಂತಾಗ ಊರಿಗೆ ಫೋನು ಮಾಡಿ, ಕುಕಡಿ ತುಂಬಿ ಹರಿಯುತ್ತಿದೆ, ಮಳೆ ಇನ್ನೂ ನಿಂತಿಲ್ಲ ಎಂದು ಅಣ್ಣನಿಗೆ ಹೇಳಿದೆ. ಅವನು ಕೊರಕಲಿನ ಬಗ್ಗೆ ಏನೂ ಕೇಳಲಿಲ್ಲ. “ಉಜನಿನೂ ತುಂಬೇತಂತ, ತಂಗಿ. ನೀ ಹೇಳಿದ್ದು ಛಲೋ ಆತು. ಹೊಳಿ ದಂಡಿಗಿದ್ದ ಮೋಟಾರ ರಾತ್ರಿನ ಮ್ಯಾಲ ಎತ್ತಿಸ್ತೀನಿ,” ಎಂದು ಹೇಳಿ, ಆಳುಗಳನ್ನು ಕರೆಯಲು ಫೋನು ಇಟ್ಟ.